ನೆರಳಿನ ಬಲಗೈ

ಸೆಪ್ಟೆಂಬರ್ 4, ಬುಧವಾರ

ಎಲ್‌ಕೆಜಿ, ಹನ್ನೊಂದು ಮಕ್ಕಳು. ಮತ್ತೆ ನೆರಳಾಟ. ಸಣ್ಣ ಡ್ರಮ್ ತಾಳಕ್ಕೆ ನಾನು ಮುಂದೆ ನಡೆಯುವುದು, ಒಬ್ಬರು ಹಿಂದೆ ನೆರಳಾಗುವುದು. ಇನ್ನೊಬ್ಬರ ಹಾಗೆ ನಡೆದು ನೋಡಿದರೆ ಅವರ ಮನಸ್ಸೂ ಒಂದಿಷ್ಟು ತಿಳಿಯುತ್ತದೆ ಎಂದು ಪೋಷಕರಿಗೆ ಹೇಳುತ್ತೇನೆ. ಹನ್ನೆರಡು ವರ್ಷದಿಂದ ಹೇಳುತ್ತಿದ್ದೇನೆ. ನಂಬುತ್ತೇನೆ ಕೂಡ — ಬಹುಪಾಲು ದಿನ.

ಇವತ್ತಿನ ನೆರಳು ಗುಬ್ಬಿ. ನಾಲ್ಕೂವರೆ ವರ್ಷ. ಮಾತು ಕಮ್ಮಿ, ಕಣ್ಣು ಜಾಸ್ತಿ. ಎರಡನೇ ಸುತ್ತಿಗೆ ಮಕ್ಕಳೆಲ್ಲ ಕಿಸಿಕಿಸಿ ನಗತೊಡಗಿದರು. ತಿರುಗಿ ನೋಡಿದರೆ ಗುಬ್ಬಿಯ ಎಡಗೈ ಮಾತ್ರ ಬೀಸುತ್ತಿದೆ. ಬಲಗೈ ಮಡಚಿ ಪಕ್ಕೆಗೆ ಅಂಟಿದೆ. ಬಾಗಿಲ ಬಳಿ ಆಯಾ ನೀರಿನ ಬಾಟಲಿ ಜೋಡಿಸುತ್ತಿದ್ದರು. ಹೋದ ವರ್ಷ ಮುರಿದ ಅವರ ಕೈ ಸರಿಯಾಗಿ ಕೂಡಲಿಲ್ಲ, ಹಾಗೇ ಮಡಚಿಕೊಂಡಿರುತ್ತದೆ.

ಮೈ ಉರಿಯಿತು.

"ಆಯಾನ್ನ ಅಣಕಿಸ್ತಿದ್ದೀಯಾ?"

"ನೆರಳು," ಅಂದಳು. ಅಷ್ಟೇ.

ಎಲ್ಲರೆದುರು ಸಾರಿ ಹೇಳಿಸಿದೆ.

ಸೆಪ್ಟೆಂಬರ್ 6, ಶುಕ್ರವಾರ

ಪ್ರೋಗ್ರೆಸ್ ಫಾರಂ ತುಂಬುವ ದಿನ. 'ಇತರರ ನೋವಿಗೆ ಸ್ಪಂದನೆ' — ಗುಬ್ಬಿಯ ಹೆಸರಿನೆದುರು 'ಕಡಿಮೆ, ಗಮನ ಬೇಕು' ಎಂದು ಬರೆದೆ. ಬರೆಯುವಾಗ ಕೈ ಒಂದು ಕ್ಷಣ ನಿಂತದ್ದು ನಿಜ.

ಆಯಾ ಕಸ ಗುಡಿಸುತ್ತಾ ಹೇಳಿದರು, "ಮೇಡಂ, ಆ ಮಗು ಅಣಕಿಸಿದ್ದು ನನ್ನನ್ನಲ್ಲ. ನಂದು ಎಡಗೈ. ಅವಳು ಮಡಚಿದ್ದು ಬಲಗೈ."

"ಮಕ್ಕಳು ಕನ್ನಡಿ ಥರ ಕಾಪಿ ಮಾಡ್ತಾರೆ. ಎಡ ಬಲ ಆಗುತ್ತೆ," ಎಂದೆ. ಟ್ರೈನಿಂಗ್‌ನಲ್ಲಿ ಕಲಿತದ್ದು.

"ಇರಬಹುದು. ನೀವು ಓದಿದೋರು. ನಾನು ಬರೀ ನೋಡಿದೋಳು."

ಸೆಪ್ಟೆಂಬರ್ 10, ಮಂಗಳವಾರ

ಗುಬ್ಬಿ ಗೋಡೆಗೆ ಒರಗಿ ಕೂತಿದ್ದಾಳೆ, ಎರಡೂ ಕೈ ತೊಡೆಯ ಕೆಳಗೆ. ಡ್ರಮ್ ಬಾರಿಸಿದರೂ ಏಳಲಿಲ್ಲ.

ಅವಳ ಅಮ್ಮ ಫಾರಂ ಹಿಡಿದು ಬಂದಿದ್ದರು. ದನಿ ಏರಿಸಲಿಲ್ಲ. "ನಾಲ್ಕು ವರ್ಷದ ಮಗುಗೆ ಕನಿಕರ ಇಲ್ಲ ಅಂತ ಬರೆದಿದ್ದೀರಿ. ಮನೇಲಿ ಹಾಡು ಹಾಕಿದ್ರೆ ಆಫ್ ಮಾಡು ಅಂತಾಳೆ. ಈ ಟರ್ಮ್ ಮುಗಿದ ಮೇಲೆ ಕರ್ಕೊಂಡು ಹೋಗ್ತೀವಿ."

'ಕನಿಕರ ಇಲ್ಲ' ಎಂದು ಬರೆದಿರಲಿಲ್ಲ ನಾನು. 'ಕಡಿಮೆ' ಎಂದಿದ್ದೆ… ಏನು ವ್ಯತ್ಯಾಸ?

ಸೆಪ್ಟೆಂಬರ್ 23, ಸೋಮವಾರ, ಸಂಜೆ 5

ಪೋಷಕರ ಸಭೆಗೆ ತೋರಿಸಲೆಂದು ಯುಕೆಜಿ ಕ್ಲಾಸ್ ವಿಡಿಯೋ ಮಾಡಿಸಿದೆ. ಫೋನ್ ಹಿಡಿದದ್ದು ಆಯಾ. ಸ್ಟಾಫ್ ರೂಮಿನಲ್ಲಿ ಕೂತು ನೋಡಿದೆ.

ಮುಂದೆ ಒಬ್ಬ ಹೆಂಗಸು ನಡೆಯುತ್ತಿದ್ದಾಳೆ. ಎಡಗೈ ಬೀಸುತ್ತಿದೆ. ಬಲಗೈ ಮಡಚಿ ಪಕ್ಕೆಗೆ ಅಂಟಿದೆ. ಅವಳ ಹಿಂದೆ ಸಾಲಾಗಿ ಒಂಬತ್ತು ಮಕ್ಕಳು. ಒಂಬತ್ತು ಬಲಗೈಗಳೂ ಪಕ್ಕೆಗೆ ಅಂಟಿವೆ.

ಆ ಹೆಂಗಸು ನಾನು.

ಐದು ಸಲ ನೋಡಿದೆ. ಎದ್ದು ಕಾರಿಡಾರಿನಲ್ಲಿ ನಡೆದೆ. ಬೀಸು ಎಂದರೆ ಬೀಸುತ್ತದೆ. ಮರೆತರೆ ನಿಲ್ಲುತ್ತದೆ.

ಎಡ ಬಲ ಆಗುವುದು ಎದುರಿಗೆ ನಿಂತಾಗ. ಹಿಂದೆ ನಡೆಯುವ ನೆರಳಿಗೆ ಬಲ ಬಲವೇ. ಹನ್ನೆರಡು ವರ್ಷ ಕಲಿಸಿದ ಆಟ.

ಆಯಾಗೆ ಮೊದಲೇ ಗೊತ್ತಿತ್ತೇ? ಕೇಳುವ ಧೈರ್ಯವಾಗಲಿಲ್ಲ.

ಅಕ್ಟೋಬರ್ 7, ಸೋಮವಾರ

ನರರೋಗದ ಡಾಕ್ಟರ್ ನಡೆಸಿದರು, ಬೆರಳು ತಟ್ಟಿಸಿದರು, ಒಂದೇ ವಾಕ್ಯ ಹತ್ತು ಸಲ ಬರೆಸಿದರು. ಸ್ಕ್ಯಾನ್ ಹಾಳೆಯನ್ನು ಪಕ್ಕಕ್ಕಿಟ್ಟು, "ಪಾರ್ಕಿನ್ಸನ್ಸ್. ಶುರುವಿನ ಹಂತ," ಎಂದರು.

"ನನಗಿನ್ನೂ ನಲವತ್ತಾರು."

"ಆಗುತ್ತೆ. ಔಷಧಿ ಇದೆ, ಕೆಲಸ ಬಿಡಬೇಕಿಲ್ಲ. ಅಕ್ಷರ ಚಿಕ್ಕದಾಗಿದ್ದು ನೀವು ನೋಡಿಲ್ವಾ?"

ಮನೆಗೆ ಬಂದು ಗೆರೆಯಿಲ್ಲದ ಈ ಪುಸ್ತಕ ತೆರೆದೆ. ಜನವರಿಯ ಪುಟದಲ್ಲಿ ಹದಿನಾಲ್ಕು ಸಾಲು. ಈ ಪುಟದಲ್ಲಿ ಇಪ್ಪತ್ತಾರು. ದಿನವೂ ಬರೆದೆ. ದಿನವೂ ಕಣ್ಣೆದುರಿಗೇ ಇತ್ತು.

ಗಂಡನಿಗೆ ತೋರಿಸಿದೆ. "ನಿನ್ನ ಸಾಮಾನಿನ ಚೀಟಿ ಓದೋಕೆ ಭೂತಗನ್ನಡಿ ಬೇಕು ಅಂತ ರೇಗಿಸ್ತಿದ್ದೆನಲ್ಲ…" ಎಂದರು. ಎದ್ದು ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದರು.

ಅಕ್ಟೋಬರ್ 8, ಮಂಗಳವಾರ

ಗುಬ್ಬಿಯ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೇಳಿ ಮುಗಿಸಿ ಅವರು, "ನನಗಲ್ಲ ಮೇಡಂ. ಅವಳಿಗೆ ಹೇಳಿ. ಅವಳು ಹೂಂ ಅಂದ್ರೆ ಇಲ್ಲೇ ಇರ್ತಾಳೆ."

ಗೋಡೆ ಪಕ್ಕ, ಅವಳ ಜೊತೆ ನೆಲದ ಮೇಲೆ ಕೂತೆ. ಆಯಾರನ್ನೂ ಉಳಿದ ಮಕ್ಕಳನ್ನೂ ಕರೆದೆ. ಸಾರಿ ಹೇಳಿಸಿದ್ದು ಎಲ್ಲರೆದುರು ತಾನೇ.

"ಗುಬ್ಬಿ, ನೀನು ಯಾರನ್ನೂ ಅಣಕಿಸ್ಲಿಲ್ಲ. ನನ್ನ ನೆರಳಾಗಿದ್ದೆ, ಸರಿಯಾಗೇ ಆಗಿದ್ದೆ. ತಪ್ಪು ಮಾಡಿದ್ದು ನಾನು. ಸಾರಿ."

ನನ್ನ ಬಲಗೈಯನ್ನೇ ನೋಡಿದಳು. "ಅದು ಮಲಗಿದೆ ಅಲ್ವಾ?"

"ಹೂಂ."

"ಅದಕ್ಕೇ ನಾನೂ ಅಲ್ಲಾಡಿಸ್ಲಿಲ್ಲ."

ಅವತ್ತು ನಕ್ಕವರು ಉಳಿದವರು. ಗುಬ್ಬಿ ನಕ್ಕಿರಲಿಲ್ಲ. ಈಗ ನೆನಪಾಗುತ್ತಿದೆ.

"ಇದ್ದಿದ್ದು ಇಷ್ಟೇ," ಎಂದರು ಆಯಾ, ಯಾರಿಗೆ ಎಂದಿಲ್ಲದೆ.

ಅಕ್ಟೋಬರ್ 9, ಬುಧವಾರ, ಮಧ್ಯಾಹ್ನ 3

ಗುಬ್ಬಿ ಎದ್ದು ಬಂದಳು. ಆದರೆ ಒಂದು ಷರತ್ತು — ಅವಳು ಮುಂದೆ, ನಾನು ನೆರಳು. ಡ್ರಮ್ ಆಯಾ ಕೈಯಲ್ಲಿ.

ನಡೆದಳು. ಎಡಗೈ ಬೀಸುತ್ತಾ. ಬಲಗೈ ಪಕ್ಕೆಗೆ ಅಂಟಿಸಿ.

"ನಿಂದು ಮಲಗಿಲ್ವಲ್ಲ ಗುಬ್ಬಿ. ಎರಡೂ ಬೀಸು."

ತಿರುಗಿ ನಿಂತಳು. ಇಷ್ಟೂ ತಿಳಿಯದೇ ಎಂಬಂತೆ. "ಹಾಗೆ ಮಾಡಿದ್ರೆ ನಿಮಗೆ ಬರಲ್ವಲ್ಲ ಮಿಸ್."

ಆಯಾ ಕೈಯಲ್ಲಿ ತಾಳ ತಪ್ಪಿತು.

ಈಗ ಹೊಸ ಫಾರಂ ಮುಂದಿದೆ. 'ಇತರರ ನೋವಿಗೆ ಸ್ಪಂದನೆ' — ಎದುರಿಗೆ ಅರ್ಧ ಇಂಚಿನ ಖಾಲಿ ಜಾಗ. ಅಕ್ಷರ ದೊಡ್ಡದಾಗಿ ಬರೆಯಬೇಕು, ನಿಧಾನವಾಗಿ. ಬೀಸು ಎಂದರೆ ಬೀಸುತ್ತದಲ್ಲ, ಹಾಗೆ ಬರೆ ಎಂದರೆ ಬರೆಯುತ್ತದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ. ಗುಬ್ಬಿಗೆ —