ಮೊರದಲ್ಲೇ ಉಳಿದ ಅಕ್ಕಿ

ಮೇ 5, ಸೋಮವಾರ. ಬೆಳಿಗ್ಗೆ 7.30

ಬ್ರೆಡ್ಡಿನ ವ್ಯಾನು ಹತ್ತು ನಿಮಿಷ ತಡ. ಕಾರ್ಮೆನಾ ಆರೂವರೆಗೇ ಬಾಲ್ಕನಿಯಲ್ಲಿ — ಬುಟ್ಟಿಗೆ ಹಗ್ಗ ಬಿಗಿದು ಸಿದ್ಧ. ಹಾರ್ನ್ ಕೇಳಿದ್ದೇ ಬುಟ್ಟಿ ಸರ್ರನೆ ಕೆಳಗೆ. ದುಂಡನೆಯ ಬ್ರೆಡ್ಡು ಹೊತ್ತು ಮೆಲ್ಲಗೆ ಮೇಲೆ. ನಾವು ಬಾವಿಯಿಂದ ನೀರು ಸೇದಿದರೆ ಇವಳು ಬೀದಿಯಿಂದ ಬ್ರೆಡ್ಡು ಸೇದುತ್ತಾಳೆ. ಎಂಬತ್ತನಾಲ್ಕರ ಕೈ. ಚಮಚ ಹಿಡಿದರೆ ನಡುಗುತ್ತದೆ, ಹಗ್ಗ ಹಿಡಿದರೆ ಇಲ್ಲ. ನಾನು ಕೈ ಹಚ್ಚಿದರೆ ಬೈಗುಳ.

"ಹಗ್ಗ ನಂದು, ಬುಟ್ಟಿ ನಂದು. ನೀ ಚಾ ಇಡು ಹೋಗು."

ಅವಳ ಮಾತು ಅರ್ಧ ಇಂಗ್ಲಿಷ್, ಅರ್ಧ ಮಾಲ್ಟೀಸ್. ನನ್ನ ಕಿವಿಗೆ ಬೀಳುವ ಹೊತ್ತಿಗೆ ನಮ್ಮೂರು ತಿರ್ಲಾಪುರದ ಮಾತಾಗಿರುತ್ತದೆ. ಹಾಗೇ ಬರೆದಿಡುತ್ತೇನೆ.

ಈ ದ್ವೀಪಕ್ಕೆ ಬಂದು ಇವತ್ತಿಗೆ ಎರಡು ವರ್ಷ. ನವಲಗುಂದದಲ್ಲಿ ಹದಿನಾಲ್ಕು ವರ್ಷ ಕನ್ನಡದ ಅತಿಥಿ ಉಪನ್ಯಾಸಕಿ. ಈಗ ಇವಳ ಮನೆಯಲ್ಲೇ ಇದ್ದು ಇವಳನ್ನು ನೋಡಿಕೊಳ್ಳುವ ಕೇರರ್. ಗೋಜೊ ಎಂಬ ಈ ದ್ವೀಪದ ಹೆಸರು ನೀಲಕ್ಕನ ಬಾಯಿಗೆ ಇನ್ನೂ ಹತ್ತಿಲ್ಲ. "ಮಾಲ್ಟಾದ ಬಾಜೂಕಿನ ಊರು" ಅನ್ನುತ್ತಾಳೆ. ಊರಲ್ಲಿ ನನಗೆಂದು ಉಳಿದಿರುವವಳು ಆ ನೆಗೆಣ್ಣಿ ಒಬ್ಬಳೇ.

ಚಹಾ ಕುದಿಯಿತು.

ಮೇ 9, ಶುಕ್ರವಾರ

ತಬಸುಮ್ ರಜೆ ಮುಗಿಸಿ ಬಂದಳು. ನಮ್ಮ ಕಡೆಯ ಯಮನೂರಿನವಳು, ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಎರಡು ಕೆಜಿ ಜೋಳದ ಹಿಟ್ಟು, ಶೇಂಗಾ ಚಟ್ನಿ ತಂದುಕೊಟ್ಟಳು. ಅಡಿಗೆಮನೆಯ ಕಲ್ಲುಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದೆ. ಸಪ್ಪಳಕ್ಕೆ ಕಾರ್ಮೆನಾ ಕೋಲೂರಿಕೊಂಡು ಬಂದಳು.

"ಯಾರನ್ನ ಬಡೀಲಿಕ್ಕ ಹತ್ತೀ?"

"ರೊಟ್ಟಿ."

"ಏನ ತಪ್ಪ ಮಾಡ್ಯಾವ ಅವು?"

ಬಿಸಿ ರೊಟ್ಟಿಗೆ ಅವಳ ಆಡಿನ ಹಾಲಿನ ಚೀಸು. ಹಿತ್ತಲ ಗೋಡೆಯ ಸಂದಿಯಲ್ಲಿ ಬೆಳೆಯುವ ಕೇಪರ್ ಗಿಡದ ಮೊಗ್ಗು, ನಾವೇ ಕಿತ್ತು ಉಪ್ಪು ಹಾಕಿದ್ದು. ಬೇಡವೆಂದರೂ ಚಟ್ನಿ ಹಚ್ಚಿಕೊಂಡಳು. ಕಣ್ಣಲ್ಲಿ ನೀರು, ಬಾಯಲ್ಲಿ 'ಇನ್ನಷ್ಟು'.

ಮಧ್ಯಾಹ್ನ ಕವಿತೆ ಓದುತ್ತಿದ್ದೆ, ಜೋರಾಗಿ. ಹಳೆಯ ಅಭ್ಯಾಸ. ಅವಳು ಜಪಮಾಲೆ ಹಿಡಿದು ಎದುರಿಗೆ.

"ಅದು ಪ್ರಾರ್ಥನಿ ಏನು?"

"ಅಲ್ಲ, ಕವಿತೆ."

"ಯಾರ ಕೇಳ್ತಾರ?"

"ಯಾರೂ ಇಲ್ಲ."

"ಹಂಗಾರ ಎರಡೂ ಒಂದ."

ಮೇ 15, ಗುರುವಾರ. ಆಸ್ಪತ್ರೆ

ನನ್ನ ರೆಸಿಡೆನ್ಸ್ ಕಾರ್ಡಿನ ರಿನ್ಯೂವಲ್. ಹಡಗು ಹತ್ತಿ ಆಚೆ ಮಾಲ್ಟಾಕ್ಕೆ ಹೋಗಲೇಬೇಕಿತ್ತು. ಟೋಕನ್, ಸಾಲು, ಬೆರಳಚ್ಚು... ವಾಪಸು ಹಡಗಿನಲ್ಲಿದ್ದಾಗ ತಬಸುಮ್‌ಳ ಫೋನು.

ಗ್ಯಾಸಿನ ಗಾಡಿಯ ಹಾರ್ನನ್ನು ಬ್ರೆಡ್ಡಿನವನದೆಂದು ತಿಳಿದು ಕಾರ್ಮೆನಾ ಬಾಲ್ಕನಿಗೆ ಓಡಿದಳಂತೆ. ಹಗ್ಗ ಕಾಲಿಗೆ ತೊಡರಿದೆ. ಬಲ ಮಣಿಕಟ್ಟು ಮುರಿದಿದೆ. ಸೊಂಟಕ್ಕೆ ಪೆಟ್ಟು, ಮೂಳೆ ಉಳಿದಿದೆ. ಎರಡು ತಾಸು ನೆಲದ ಮೇಲೆ ಒಬ್ಬಳೇ.

ಆ ಎರಡು ತಾಸು ನಾನು ಬಸ್ಸಿನಲ್ಲಿದ್ದೆ, ಆಮೇಲೆ ಡೆಕ್ಕಿನಲ್ಲಿ ನಿಂತು ಸಮುದ್ರ ನೋಡುತ್ತಿದ್ದೆ. ನೀಲಿಗೆ ಹೆಸರು ಹುಡುಕುತ್ತ.

ಮೇ 28, ಬುಧವಾರ

ಹದಿಮೂರು ದಿನ ಏನೂ ಬರೆದಿಲ್ಲ.

ಮನೆಗೆ ಕರೆತಂದೆವು. ಕೈಗೆ ಪ್ಲಾಸ್ಟರ್. ಕಾರ್ಮೆನಾಳ ಅಣ್ಣನ ಮಗಳು ಡೊರಿಸ್ ಮಾಲ್ಟಾದಿಂದ ಬಂದಿದ್ದಳು. ತನ್ನ ಮನೆಯ ಹತ್ತಿರವೇ ವೃದ್ಧರ ಹೋಮಿನಲ್ಲಿ ರೂಮು ಸಿಕ್ಕಿದೆ. ಜೂನ್ ಹನ್ನೆರಡಕ್ಕೆ ಹೊರಡುವುದು. ಮನೆಗೆ ಬೀಗ. ಡೊರಿಸ್ ಕೆಟ್ಟವಳಲ್ಲ, ಅಳುತ್ತಲೇ ಹೇಳಿದಳು. ನನಗೆ ಏಜೆನ್ಸಿಯವರು ಬೇರೆ ಮನೆ ನೋಡುತ್ತಾರೆ. ಅಲ್ಲಿಯವರೆಗೆ ತಬಸುಮ್‌ಳ ರೂಮು.

ಕಾರ್ಮೆನಾ ಎಲ್ಲ ಕೇಳಿಸಿಕೊಂಡಳು. ಎದ್ದು ಏಪ್ರನ್ ಕಟ್ಟಿಕೊಂಡಳು, ಒಂದೇ ಕೈಯಲ್ಲಿ, ಹಲ್ಲಿನಿಂದ ಲಾಡಿ ಎಳೆದು.

"ಮದಿವಿ ಆಗಿ ಈ ಮೆಟ್ಟಲಾ ಹತ್ತಿ ಬಂದಾಕಿ ನಾ. ನನ್ನ ಕಾಲ್ಲೆ ಇಳಿಯಂಗಿಲ್ಲ. ಬೇಕಾದ್ರ ನಾಕ ಮಂದಿ ಬಂದು ಕಪಾಟ ಹೊತ್ತಂಗ ಹೊತ್ತಗೊಂಡ ಹೋಗ್ರಿ."

ಡೊರಿಸ್ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, ಹೇಗಾದರೂ ಒಪ್ಪಿಸು ಎಂದಳು. ಹೊತ್ತೊಯ್ದರೆ ಇವಳು ಅಲ್ಲಿ ತಿಂಗಳೂ ಬದುಕುವುದಿಲ್ಲ. ನನಗೆ ಗೊತ್ತು, ಅವಳಿಗೂ ಗೊತ್ತು.

ಜೂನ್ 1, ಭಾನುವಾರ

ಬ್ರೆಡ್ಡಿನವನು ಹಾರ್ನ್ ಹೊಡೆದು ಹೊಡೆದು ಹೋದ. ಬುಟ್ಟಿ ಇಳಿಯಲಿಲ್ಲ. ನಾನು ಇಳಿಸಬಹುದಿತ್ತು. ಆಗಲಿಲ್ಲ.

ನೀಲಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳ ಬಾಯಲ್ಲಿ ಕಾರ್ಮೆನಾ ಎಂದೋ ಕರೆವ್ವ ಆಗಿದ್ದಾಳೆ.

"ಕರೆವ್ವಗ ಏನ ಕೊಟ್ಟ ಕಳಸ್ತಿ?"

"ಏನ ಕೊಡೂದ್ರಿ ಅಕ್ಕಾ. ಬ್ಯಾಗ ತುಂಬಲಿಕ್ಕ ಹತ್ತೀನಿ."

"ಬ್ಯಾಗ ಆಮ್ಯಾಲೆ. ಮದಲ ಉಡಿ ತುಂಬು."

"ಆಕಿ ಗಂಡ ತೀರಿ ಇಪ್ಪತ್ತ ವರ್ಷ ಆತ್ರಿ."

ಇಬ್ಬರಿಗೂ ಒಂದೇ ದಿನ ನೆನಪಾಯಿತು.

ನಾನು ತಿರ್ಲಾಪುರ ಬಿಟ್ಟ ದಿನ. ನನ್ನ ಗಂಡ ಸಿದ್ಧಾರೂಢ ತೀರಿಕೊಂಡು ಮೂರು ವರ್ಷವಾಗಿತ್ತು. ನೀಲಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ನಿಂತಿದ್ದಳು — ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಅರಿಷಿಣ ಕೊಂಬು, ಮೇಲೊಂದು ಕುಪ್ಪಸದ ಹಸಿರು ಖಣ. ಮನೆಯಿಂದ ಹೊರಟ ಹೆಣ್ಣಿನ ಸೆರಗಿಗೆ ಸುರಿದು ಕಳಿಸುವಂಥದ್ದು. ಗಂಡನಿಲ್ಲದವಳಿಗೆ ಸುರಿಯುವಂಥದ್ದಲ್ಲ. ಜಗಲಿಯ ಮೇಲೆ ಕೂತ ಹಿರಿಯ ಹೆಂಗಸರು ಕೆಮ್ಮಿದರು. ಅಷ್ಟೇ. ಮೊರ ಒಳಗೆ ಹೋಯಿತು. ನಾನು ಬಸ್ಸು ಹತ್ತಿದೆ.

ಇಲ್ಲಿಗೆ ಬಂದು ನೀಲಕ್ಕ ಕಟ್ಟಿಕೊಟ್ಟ ಹಿಟ್ಟಿನ ಚೀಲ ಬಿಚ್ಚಿದರೆ ಒಳಗೆ ಆ ಖಣ. ನಾಲ್ಕು ಮಡಿಕೆ, ಹಿಟ್ಟು ಮೆತ್ತಿ. ಎರಡು ವರ್ಷದಲ್ಲಿ ಅವಳೂ ಕೇಳಿಲ್ಲ, ನಾನೂ ಹೇಳಿಲ್ಲ.

"ಖಣ ಐತೇನು?"

"ಐತ್ರಿ."

"ಹೊಲಿಸಿಲ್ಲಾ?"

"ಇಲ್ರಿ. ಹಂಗ ಐತಿ."

"ಹಂಗಾರ ಆಕಿ ಉಡಿಗೆ ಹಾಕು. ಅಲ್ಲೆ ಕೆಮ್ಮಾವ್ರು ಯಾರೂ ಇಲ್ಲಲ್ಲ."

ಜೂನ್ 7, ಶನಿವಾರ

ಅಂಗಡಿ ಸುತ್ತಿದೆ. ಅಕ್ಕಿ ಸಿಕ್ಕಿತು, ದುಂಡು ಕಾಳಿನದು. ಕೊಬ್ಬರಿ ಬಟ್ಟಲು ಇಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಒಂದೇ ಒಂದು ತೆಂಗಿನಕಾಯಿ, ಹಣೆಗೆ ಸ್ಟಿಕ್ಕರ್ ಅಂಟಿಸಿಕೊಂಡು ಕೂತಿತ್ತು. ಶುಂಠಿಯ ಪಕ್ಕದಲ್ಲಿ ಹಸಿ ಅರಿಷಿಣ. ವೀಳ್ಯದೆಲೆಗೆ ಬದಲು ಹಿತ್ತಲಿನ ನಿಂಬೆ ಎಲೆ. ಬೆಲ್ಲ ತಬಸುಮ್ ಕೊಟ್ಟಳು.

"ಅಕ್ಕಾರ, ಆ ಅಜ್ಜಿಗೆ ಸೆರಗ ಎಲ್ಲೈತ್ರಿ?"

"ಏಪ್ರನ್ ಐತಲ್ಲ."

"ಮೊರ?"

ಅದಕ್ಕೂ ಯೋಚನೆ ಮಾಡಿದ್ದೇನೆ. ಬ್ರೆಡ್ಡಿನ ಬುಟ್ಟಿ.

ಹೇಗೆ ಹೇಳಲಿ ಅವಳಿಗೆ? ಎಂ.ಎ. ಮಾಡಿದವಳಿಗೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೊಂದುತ್ತಿಲ್ಲ.

ಜೂನ್ 12, ಗುರುವಾರ. ಸಂಜೆ, ತಬಸುಮ್‌ಳ ರೂಮು

ಕ್ರಮವಾಗಿ ಬರೆಯಬೇಕು. ಕೈ ಓಡುತ್ತಿಲ್ಲ.

ಹತ್ತಕ್ಕೆ ಡೊರಿಸ್‌ಳ ಕಾರು. ಜೊತೆಗೆ ಇಬ್ಬರು ಗಂಡಸರು, ಹೊತ್ತು ಇಳಿಸುವ ಕುರ್ಚಿ ಹಿಡಿದು. ಕಾರ್ಮೆನಾ ಬಾಲ್ಕನಿಯ ಬಾಗಿಲಿಗೆ ಬೆನ್ನು ಹಚ್ಚಿ ಕೂತಿದ್ದಳು. ಏಪ್ರನ್ ಬಿಚ್ಚಿರಲಿಲ್ಲ. ನಾನು ಸೀರೆ ಉಟ್ಟಿದ್ದೆ, ಅವಳನ್ನು ಕಳಿಸಲೆಂದು. ಬುಟ್ಟಿ ಹಿಡಿದು ಮುಂದೆ ಮಂಡಿಯೂರಿದೆ.

"ಏಪ್ರನ್ ಹಿಡಿ."

"ಯಾಕ?"

"ನಮ್ಮ ಕಡೆ ಹೆಣ್ಣಮಗಳನ್ನ ಮನಿಯಿಂದ ಬರಿದ ಕಳಸಂಗಿಲ್ಲ. ತುಂಬಿಸಿಕೊಂಡು, ಐದ ಕಾಳ ಹಿಂದ ಹಾಕಿ ಹೋಗಬೇಕು. ಮನಿ ಬರಿದ ಆಗಬಾರದು."

ನನ್ನನ್ನೇ ನೋಡಿದಳು. ನಂತರ ಎಡಗೈಯಿಂದ ಒಂದು ಚುಂಗು, ಪ್ಲಾಸ್ಟರಿನ ಕೈಯ ಬೆರಳ ತುದಿಯಿಂದ ಇನ್ನೊಂದು ಚುಂಗು ಎತ್ತಿ ಹಿಡಿದಳು. ಅಕ್ಕಿ ಸುರಿದೆ. ಕಾಯಿ, ಬೆಲ್ಲ, ಅರಿಷಿಣ, ನಿಂಬೆ ಎಲೆ. ಮೇಲೆ ಖಣ.

"ಅಕ್ಕಿ," ಅಂದಳು. "ಅಲ್ಲೆ ಒಲಿ ಇಲ್ಲಲ್ಲ."

"ಗುರುವಾರ ನಾ ಕುದಿಸಿಕೊಂಡ ಬರ್ತೀನಿ."

"ಯಾವ ಗುರುವಾರ?"

"ಬರೂ ಗುರುವಾರ. ಆಮ್ಯಾಲಿನ ಗುರುವಾರ."

ಎದ್ದು ನಿಂತಳು. ಯಾರೂ ಹಿಡಿಯಲಿಲ್ಲ. ಒಂದು, ಎರಡು ಎಂದು ಐದು ಕಾಳು ಎಣಿಸಿ ಬುಟ್ಟಿಗೆ ಹಾಕಿದಳು. ಆಮೇಲೆ ಥಟ್ಟನೆ —

"ನೀನೂ ಇವತ್ತ ಈ ಮನಿ ಬಿಡಾಕಿ. ನಿಂದೆಲ್ಲೆ?"

"ನನಗ ಹಾಕಂಗಿಲ್ಲ."

"ಯಾರಂದಾರ?"

ಬುಟ್ಟಿ ನೆಲಕ್ಕಿಟ್ಟೆ.

"ಹಿಡಿ ಲಗೂನ. ಕೈ ಸೋಲ್ತಾವ ನಂದು."

ಸೆರಗು ಹಿಡಿದೆ. ಏಪ್ರನ್ ಓರೆ ಮಾಡಿ ಅರ್ಧ ಅಕ್ಕಿ ಸುರಿದಳು. ಸ್ವಲ್ಪ ನೆಲಕ್ಕೂ ಚೆಲ್ಲಿತು. ಬೆಲ್ಲ ಹಲ್ಲಿನಿಂದ ಮುರಿಯಲು ನೋಡಿದಳು, ಆಗಲಿಲ್ಲ, ಇಡಿಯಾಗಿ ಹಾಕಿದಳು. ಕಾಯಿ ತನಗಿಟ್ಟುಕೊಂಡಳು. ಕೊನೆಗೆ ಖಣ.

"ಇದು ನಿನ್ನ ಬಣ್ಣ. ಅಲ್ಲೆ ನಂದು ದಿನಾ ಗೌನ."

ನಾನೂ ಐದು ಕಾಳು ಬುಟ್ಟಿಗೆ ಹಾಕಿದೆ.

ಹತ್ತೊಂಬತ್ತು ಮೆಟ್ಟಿಲು. ನಾನು ಮುಂದೆ, ಹಿಂದಾಗಿ ಇಳಿಯುತ್ತ. ಅವಳು ಏಪ್ರನ್ನಿನ ಚುಂಗು ಮುಷ್ಟಿಯಲ್ಲಿ ಬಿಗಿದು, ಒಂದೊಂದಾಗಿ. ತನ್ನ ಕಾಲಲ್ಲೇ. ಕುರ್ಚಿ ಹಿಡಿದವರು ಗೋಡೆಗೆ ಸರಿದು ದಾರಿ ಬಿಟ್ಟರು. ಓಣಿಯ ಬಾಗಿಲುಗಳಲ್ಲಿ ನಾಲ್ಕೈದು ಹೆಂಗಸರು ನಿಂತು ನೋಡುತ್ತಿದ್ದರು.

ಯಾರೂ ಕೆಮ್ಮಲಿಲ್ಲ.

ಜೂನ್ 19, ಗುರುವಾರ. ಮಧ್ಯಾಹ್ನ 12

ಬೆಳಿಗ್ಗೆ ವಿಡಿಯೋದಲ್ಲಿ ನೀಲಕ್ಕನಿಗೆ ಖಣ ತೋರಿಸಿದೆ. ಹೇಗೆ ತಿರುಗಿ ಬಂತೆಂದು ಹೇಳಿದೆ. "ಈಗರೆ ಹೊಲಿಸ್ತೀಯಿಲ್ಲೋ?" ಅಂದಳು. ಆಮೇಲೆ ಅವಳ ಮುಖ ಕಾಣಲಿಲ್ಲ. ಮನೆಯ ಮಾಳಿಗೆಯ ಜಂತಿ, ಫ್ಯಾನು, ಮತ್ತೆ ಜಂತಿ. ಬಹಳ ಹೊತ್ತು.

ಎರಡರ ಹಡಗು. ಅವಳ ಅರ್ಧ ಅಕ್ಕಿ ಅವಳಲ್ಲಿದೆ, ನನ್ನ ಅರ್ಧ ಇಲ್ಲಿ ಒಲೆಯ ಮೇಲೆ. ಹಾಲು, ಬೆಲ್ಲ. ಡಬ್ಬಿ ತೊಳೆದಿಟ್ಟಿದ್ದೇನೆ.

ಕಾರ್ಮೆನಾ ಡೊರಿಸ್‌ಳ ಫೋನಿನಿಂದ ಮಾತಾಡಿದಳು. ರೂಮು ಎರಡನೇ ಮಹಡಿಯಂತೆ. ಕಿಟಕಿ ಬೀದಿಗೆ ತೆರೆಯುತ್ತದಂತೆ. ಕೆಳಗೆ ಏಳೂವರೆಗೆ ಬ್ರೆಡ್ಡಿನ ವ್ಯಾನು ಬರುತ್ತದಂತೆ.

"ಬರಬೇಕಾದ್ರ ಹಗ್ಗ ತಗೊಂಡ ಬಾ. ಡೊರಿಸ್‌ಗ ಹೇಳಬ್ಯಾಡ."

ಹಗ್ಗ ಚೀಲದಲ್ಲಿದೆ. ಬುಟ್ಟಿಯೂ. ತಳದಲ್ಲಿ ಹತ್ತು ಕಾಳು ಹಾಗೇ ಇವೆ, ಅವನ್ನು ಏನು ಮಾಡುವುದೋ ತಿಳಿಯದೆ... ಏಲಕ್ಕಿ ಹಾಕಿದೆನೋ ಇಲ್ಲವೋ. ಹಾಲು ಉಕ್ಕುತ್ತಿದೆ, ಸ್ವಲ್ಪ —