ಅರ್ಧ ಕಪ್ಪಿನ ಅಳತೆ

ವಿಜಾಪುರ ರಸ್ತೆ, ಸೊಲ್ಲಾಪುರ

ಕಂದಲಗಾಂವದ ಕುಂಬಾರ ರೇವಪ್ಪಣ್ಣನವರಿಗೆ ಚಂದ್ರಭಾಗಾಬಾಯಿಯ ಶರಣು.

ನಮ್ಮ ಮದುವೆಯ ವರ್ಷ ನೀವು ಮಾಡಿಕೊಟ್ಟ ಮಣ್ಣಿನ ಕಪ್‌-ಬಸಿ ಇನ್ನೂ ಗಟ್ಟಿಯಾಗಿವೆ. ಹಿಡಿಕೆ ಮೆತ್ತುವಾಗ ನೀವು ಒತ್ತಿದ ಹೆಬ್ಬೆರಳಿನ ಗುಳಿಯಲ್ಲೇ ನನ್ನ ಹೆಬ್ಬೆರಳು ಕೂರುತ್ತದೆ. ಆದರೂ ಹೊಸ ಕಪ್ಪೊಂದು ಬೇಕಾಗಿದೆ. ಬಜಾರದಲ್ಲಿ ಸಿಗುತ್ತದಲ್ಲ ಎನ್ನಬೇಡಿ. ಅವಕ್ಕೆ ಯಾರ ಬೆರಳೂ ತಾಗಿಲ್ಲ.

ನಮ್ಮಿಬ್ಬರಿಗೂ ಒಂದೇ ಕಪ್‌ ಚಹಾ ಎಂಬುದು ನಿಮಗೆ ಗೊತ್ತು. “ಭಾಳ ಸುಡಾಕತ್ತೈತಿ, ತಡಿ” ಎನ್ನುತ್ತ ಇವರು ಅರ್ಧ ಬಸಿಗೆ ಸುರಿದುಕೊಂಡು, ಕಪ್‌ ನನ್ನತ್ತ ಸರಿಸುತ್ತಿದ್ದರು. ಶ್ರಾವಣದಲ್ಲಿ ಇವರು ತೀರಿಕೊಂಡಾಗ ನೀವು ಮಣ್ಣಿಗೆ ಬಂದು ಹೋದಿರಿ. ಅಂದಿನಿಂದ ಇವರ ಪಾಲೂ ಕಪ್ಪಿನಲ್ಲೇ ಉಳಿಯುತ್ತಿದೆ. ಕಡಿಮೆ ಹಾಕೋಣವೆಂದರೆ ಕೈ ಕೇಳುವುದಿಲ್ಲ. ತುಂಬುವ ತನಕ ಸುರಿಯುತ್ತದೆ. ಅರ್ಧ ಕುಡಿದು, ಆರಿದ್ದನ್ನು ಬಚ್ಚಲಿಗೆ ಚೆಲ್ಲುತ್ತೇನೆ.

ಅಳತೆಗೆ ಹಳೆಯ ಕಪ್‌ ಕಳಿಸಿದ್ದೇನೆ. ಒಳಗೆ ನಡುಮಟ್ಟದಲ್ಲಿ ಚಹಾ ಕಲೆಯ ಗೆರೆ ಕಾಣುತ್ತದೆ. ಅಲ್ಲಿಯವರೆಗಿನಷ್ಟೇ ಹಿಡಿಯುವ ಗಿಡ್ಡ ಕಪ್‌ ಮಾಡಿಕೊಡಿ. ಹೆಬ್ಬೆರಳಿನ ಗುಳಿ ಮರೆಯಬೇಡಿ.

ಬಸಿ ಬೇಡ. ಆದರೆ ಹೊಸ ಕಪ್ಪಿನ ಬುಡ ಹಳೆಯದರಷ್ಟೇ ಅಗಲವಿರಲಿ, ಅಣ್ಣಾ. ಅದು ಇವರ ಬಸಿಯ ಮೇಲೆ ಕೂರಬೇಕು.

ನಿಮ್ಮ ತಂಗಿ,
ಚಂದ್ರಭಾಗಾಬಾಯಿ