ಕಾರ್ಡಿನ ಮ್ಯಾಲಿನ ಎರಡನೇ ಸೀಟು

ಗಾಜಿಪುರ, ಕಲಬುರಗಿ
ತಾ. ೧-೭-೨೦೨೫, ಮಂಗಳವಾರ

ಪ್ರೀತಿಯ ಮಗಳು ಲೀಲಾಗ ನಿಮ್ಮವ್ವ ಮಾಡುವ ಆಶೀರ್ವಾದಗಳು.

ನೀನು, ಅಳಿಯಂದ್ರು, ಮುನ್ನಿ ಮೂವರೂ ಸೂರತ್‌ನ್ಯಾಗ ಆರಾಮ ಅದೀರಿ ಅಂತ ತಿಳಕೊಂಡೀನಿ. ಮುನ್ನಿ ಕೆಮ್ಮು ಹೋತೇನು? ಎದಿಗೆ ಕೊಬ್ಬರಿ ಎಣ್ಣಿ ಬಿಸಿ ಮಾಡಿ ಹಚ್ಚು, ಫ್ಯಾನಿನ ಬುಡಕ ಮಲಗಸಬ್ಯಾಡ. ನೀ ಡಾಕ್ಟರು ಹೇಳಿದ ಮ್ಯಾಲೇ ಕೇಳಾಕಿ, ಆದ್ರೂ ಹೇಳ್ತೀನಿ. ಇಲ್ಲಿ ನಾವೂ ಆರಾಮ. ಆರಾಮ ಅಂತ ಬರದೀನಿ ಖರೆ, ನಿನ್ನೆ ನಸುಕಿನ್ಯಾಗ ಒಂದು ಕೆಟ್ಟ ಕನಸು ಬಿತ್ತು. ನಾ ವಿಮಾನದಾಗ ಕುಂತೀನಂತ. ಅದರ ಕಿಡಕಿಗೆ ಸರಳು ಅದಾವ, ಸೀಟಿನ ಮ್ಯಾಲೆ ಮಹಿಳೆಯರಿಗೆ ಅಂತ ಬರದದ, ಥೇಟ್ ನಮ್ಮ ಹುಮನಾಬಾದ ಬಸ್ಸು. ನಿಮ್ಮಪ್ಪ ಖಾಕಿ ಅಂಗಿ ತೊಟ್ಟು ಬಾಗಲಾಗ ನಿಂತಾರ. ಹಿಂದ ನಮ್ಮ ಸೊಸಿ ವಿದ್ಯಾ ಬ್ಯಾಗು ಹಿಡಕೊಂಡು ಓಡಿ ಬರಾಕತ್ತಾಳ, ಚಪ್ಪಲಿ ಒಂದು ಕಾಲಿಂದು ಹರದದ. ನಿಲ್ಲಸ್ರಿ ನಿಲ್ಲಸ್ರಿ ಅಂತ ನಾ ಒದರೇ ಒದರ್ದೆ. ನಿಮ್ಮಪ್ಪ ಹಿಂದಕ್ಕೊಮ್ಮಿ ನೋಡಿ, "ರೈಟ್, ರೈಟ್" ಅಂತ ತಗಡಿಗೆ ಬಡದುಬಿಟ್ರು. ವಿಮಾನ ಎದ್ದೇ ಬಿಟ್ತು. ಎಚ್ಚರಾಗಿ ನೋಡ್ತೀನಿ, ಪಕ್ಕದ ಖೋಲ್ಯಾಗ ವಿದ್ಯಾ ಎದ್ದು ಒಲಿ ಹೊತ್ತಿಸಿ ನನ್ನ ಬಿಪಿ ಗುಳಗಿ ನೀರಿನ ತಂಬಿಗಿ ಬಾಜು ಇಟ್ಟಾಳ. ಆವಾಗೇ ನಾ ಮನಸ್ಸು ಗಟ್ಟಿ ಮಾಡ್ದೆ.

ಇಷ್ಟು ದೊಡ್ಡದೇನು ಅದ, ಫೋನ್ ಮಾಡಬಾರದೇನು ಅಂತೀದಿ. ಹೆಂಗ ಮಾಡ್ಲಿ ಹೇಳು. ಫೋನ್ ನಿಮ್ಮಪ್ಪಂದು, ಮಾತಾಡೂದು ಸ್ಪೀಕರ್ ಹಚ್ಚಿ, ನಡುವ ಓಣ್ಯಾಗಿನ ಮಂದೀಗೂ ನಿನ್ನ ಸುದ್ದಿ ಹೇಳ್ತಾರ. ಮೆಸೇಜ್ ಬರೀಬೇಕಂದ್ರ ನನಗ ಬರಕೊಡಾಕಿ ವಿದ್ಯಾ. ಹಂಗಾಗಿ ಪೆನ್ನು ಹಿಡದೀನಿ. ಆರನೇ ಕ್ಲಾಸಿನ್ಯಾಗ ಸಾಲಿ ಬಿಡಿಸಿದ ಕೈ ಇದು, ಅಕ್ಷರ ಹೊರಳಿ ಬಿದ್ದಲ್ಲಿ ನೀನೇ ಎಬ್ಬಿಸಿ ನಿಲ್ಲಿಸಿ ಓದಿಕೋ. ಸೂಪರ್ ಮಾರ್ಕೆಟ್ಟಿನ ಬಟ್ಟಿ ಅಂಗಡ್ಯಾಗ ದುಡ್ಯೂ ಖಮರುದ್ದೀನ ಭಾಯಿ ಸೀರಿ ಮಾಲು ತರಾಕ ಸೂರತ್‌ಗೇ ಹೊಂಟಾನ, ಅವನ ಕೈಯಾಗ ಕೊಡ್ತೀನಿ. ವಿದ್ಯಾ ಈಗ ಅವನ ಹೇಣ್ತಿ ಫರ್ಹೀನ್ ಜೊತಿ ಬ್ಲೌಸ್ ಕೊಟ್ಟು ಬರಾಕ ಹೋಗ್ಯಾಳ, ಬರೂದರೊಳಗ ಮುಗಸಬೇಕು.

ವಿಷಯ ಏನಂದ್ರ, ನೀ ಪಂಚಮಿಗೆ ಬಂದು ಹೋಗೂವಾಗ ನನ್ನ ವಿಮಾನದಾಗ ಕರಕೊಂಡು ಹೋಗ್ತೀನಿ ಅಂದಿಯಲ್ಲ, ಆ ಸೀಟು ನನಗ ಬ್ಯಾಡ. ವಿದ್ಯಾನ ಹೆಸರಿಗೆ ಬರಿ. ಸಿಟ್ಟಿಗೇಳಬ್ಯಾಡ, ಪೂರಾ ಓದು.

ನಿನ್ನ ಕ್ರೆಡಿಟ್ ಕಾರ್ಡಿನ ಕತಿ ನನಗ ಮೊದಲ ತಿಳದೇ ಇರಲಿಲ್ಲ. ವಿಮಾನದವ್ರು ಯಾಕ ಪುಕ್ಕಟ ಕೂಡಿಸ್ತಾರ, ಏನೋ ಮೋಸ ಇರಬೇಕು ಅಂತ ಎರಡು ದಿನ ಅನ್ನ ಸೇರಲಿಲ್ಲ. ಆಮ್ಯಾಲೆ ಖಮರುದ್ದೀನ ಭಾಯಿ ತಿಳಿಸಿ ಹೇಳಿದ, ಅವನ ಸೇಠಂದೂ ಅಂಥಾದೇ ಕಾರ್ಡ್ ಅದಂತ. ವರ್ಷವಿಡೀ ಆ ಕಾರ್ಡಿನ ಮ್ಯಾಲೆ ಸಾಮಾನು ತಗೊಂಡ್ರ ಕಂಪನಿಯವ್ರು ವರ್ಷಕ್ಕೊಮ್ಮಿ, ನೀ ಒಂದು ಟಿಕೆಟ್ ತಗೊಂಡ್ರ ನಿನ್ನ ಜೊತಿ ಬರಾವ್ರಿಗೆ ಇನ್ನೊಂದು ಸೀಟು ಕೊಡ್ತಾರ, ಅದಕ್ಕ ಟ್ಯಾಕ್ಸ್ ಅಷ್ಟೇ ಕಟ್ಟಬೇಕು. ಆದ್ರ ಕಾರ್ಡ್ ಇದ್ದಾಕಿ ಅದೇ ವಿಮಾನದಾಗ ಕೂಡಬೇಕು, ಹೋಗೂದು ಬರೂದು ಕೂಡಿಸೇ ಬುಕ್ ಮಾಡಬೇಕು, ಜೊತಿಯವ್ರ ಹೆಸರು ಒಮ್ಮಿ ಬರದ್ರ ಬದಲಿ ಮಾಡಾಕ ಬರೂದಿಲ್ಲ. ನಮ್ಮೂರಾಗ ಇಳಿಯೂ ವಿಮಾನ ಬ್ಯಾರೆ ಕಂಪನೀದಂತ, ಅದಕ್ಕ ಹೈದರಾಬಾದಿಗೆ ಹೋಗಿ ಹತ್ತಬೇಕು. ಇದೆಲ್ಲಾ ಈಗ ನನಗ ಬಾಯಿಪಾಠ ಆಗ್ಯದ.

ನಿಮ್ಮಪ್ಪ ಒಪ್ಪಬೇಕಲ್ಲ! ಕಂಡಕ್ಟರಕಿ ಮಾಡಿ ರಿಟೈರಾದ ಮನಶ್ಯಾ. "ಜಿಂದಗಿ ಪೂರಾ ಟಿಕೆಟ್ ಹರದೀನಿ, ನನಗ ಕಲಸ್ತೀಯೇನೋ ಖಮರು? ಟಿಕೆಟ್ ಅಂದಮ್ಯಾಲೆ ಕೈಯಾಗ ಹಿಡದವಂದು. ಲೀಲಾ ಯಾಕ ಹೈರಾಣಾಗಬೇಕು, ಕಾರ್ಡಿನ ನಂಬರ್ ಕಳಿಸಿದ್ರ ನಾವು ಮುದುಕ ಮುದುಕಿ ಹತ್ತಿ ಇಳಿದು ಬರ್ತೀವಿ" ಅಂತ ಕಟ್ಟಿ ಮ್ಯಾಲೆ ಕುಂತು ವಾದ ಹಾಕಿದ್ರು. ಖಮರುದ್ದೀನ ನಕ್ಕು, "ಕಾಕಾ, ಅಲ್ಲಿ ನಿಂತು ಹೋಗೂ ಪದ್ಧತೀನೂ ಇಲ್ಲ ನೋಡ್ರಿ" ಅಂದ. ಆಮ್ಯಾಲೆ ಅವ್ರು ಸುಮ್ಮನಾದ್ರೇನು? ನನ್ನ ಆಧಾರ್ ಕಾರ್ಡಿನ ಫೋಟೋ ತಗಸಿ ನಿನಗ ಕಳಿಸಿ, ನಮ್ಮ ಶಾರದಾಬಾಯಿ ವಿಮಾನ ಹತ್ತತಾಳ ಅಂತ ಗಾಜಿಪುರ ತುಂಬ ಡಂಗುರ ಹೊಡದಾರ. ಬಾಜು ಮನಿಯಾಕಿ ಬಂದು ಉಡಿ ತುಂಬ್ತೀನಿ ಅಂತಾಳ, ನಾ ಏನು ಬಸುರಿ ಹೆಂಗಸಾ? ಅದಕ್ಕೇ ಈ ಅವಸರ. ಹದಿನೈದನೇ ತಾರೀಖಿನೊಳಗ ಬುಕ್ ಮಾಡದಿದ್ರ ಸೀಟು ಹೋಗ್ತದ ಅಂದಿ. ಆ ಫೋಟೋ ನೋಡಿ ಎಲ್ಲಿ ನನ್ನ ಹೆಸರು ಒತ್ತಿಬಿಟ್ಟೀದಿ ಅಂತ ಜೀವ ಹೊಡಕೊಳ್ಳಾಕತ್ತದ.

ವಿದ್ಯಾನ ಸುದ್ದಿ ನಿನಗ ಏನು ಹೇಳ್ಲಿ. ನಿಮ್ಮಣ್ಣ ಅರುಣ ಜ್ವರದಾಗ ಹೋಗಿ ಮೂರು ವರ್ಷ ಆದ್ವು. ಮಕ್ಕಳಿಲ್ಲ, ಮರಿ ಇಲ್ಲ, ಆಕಿ ನಮ್ಮನ್ನ ಬಿಟ್ಟು ಹೋಗಲಿಲ್ಲ. ಬ್ಲೌಸಿಗೆ ಆರಿ ಸೂಜೀಲೆ ಕಸೂತಿ ಮಾಡ್ತಾಳ, ಎಲಿ ಬಳ್ಳಿ ಹಾಕಿದ್ರ ಗಾಳಿಗೆ ಅಳ್ಳಾಡತಾವ ಅನ್ಸ್ತದ. ಆದ್ರ ಕೆಲಸ ತರಾಕ ಹೋಗಬೇಕಂದ್ರ ನಾ ಇಲ್ಲಾ ಫರ್ಹೀನ್ ಜೊತಿಗಿರಬೇಕು. ಒಬ್ಬಾಕಿನೇ ಹೋದ್ರ, ಪಾಪ ಅರುಣನ ಹೇಣ್ತಿ, ಎಲ್ಲಿಗೆ ಹೊಂಟಾಳೋ ಅಂತಾರ. ಆ "ಪಾಪ" ಕೇಳಿ ಕೇಳಿ ನನಗ ಸಾಕಾಗ್ಯದ, ಆಕೀಗಿ ಎಷ್ಟಾಗಿರಬ್ಯಾಡ? ನಿಮ್ಮ ಬಿಲ್ಡಿಂಗಿನ ಕೆಳಗಿನ ಮನಿ ಹೆಣ್ಮಗಳು ಸೀರಿ ಡಿಸೈನ್ ಕಾರಖಾನಿ ನಡಸ್ತಾಳ, ಕೈ ಚಂದ ಇದ್ದವ್ರು ಸಿಗವಲ್ರು ಅಂತಾಳ ಅಂತ ಯುಗಾದಿಗೆ ಬಂದಾಗ ನೀನೇ ಹೇಳಿದ್ದಿ. ಆವಾಗ ವಿದ್ಯಾ ರೊಟ್ಟಿ ಬಡ್ಯೂದು ಬಿಟ್ಟು ಕೇಳಿಕೋತ ಕುಂತಿದ್ಳು, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಕರ್ರಗಾತು. ನೀ ನಕ್ಕಿ. ನಾ ನಗಲಿಲ್ಲ.

ಕನಸು ಬೀಳೂಕಿಂತ ಮೊದಲ, ಮೊನ್ನೆನೇ ಆಕೀಗೇ ಕೇಳಿದ್ದೆ, ಹೋಗ್ತೀಯೇನವ್ವಾ ಅಂತ. ಮೊದಲ, "ನೀವು ಹೋಗಿ ಬರ್ರಿ ಅತ್ತಿ, ನಿಮ್ಮ ಮಗಳು ಕರ್ದಾಳ" ಅಂದ್ಳು. ಸೂಜಿ ಬಟ್ಟ್ಯಾಗ ಚುಚ್ಚಿಟ್ಟು ಹಿತ್ತಲಿಗೆ ಹೋದ್ಳು. ತಿರುಗಿ ಬಂದು ಒಂದೇ ಮಾತು ಕೇಳಿದ್ಳು: "ಅಲ್ಲಿ ನನ್ನ ಏನಂತ ಕರೀತಾರ್ರಿ ಅತ್ತಿ?" ವಿದ್ಯಾ ಅಂತ ಕರೀತಾರವ್ವಾ, ಮತ್ತೇನಂತ ಕರೀತಾರ ಅಂದೆ. ಬಟ್ಟ್ಯಾಗಿನ ಸೂಜಿ ಕಿತ್ತು ತಗೊಂಡು, "ವಿದ್ಯಾ" ಅಂತ ತನ್ನಷ್ಟಕ್ಕ ತಾನೇ ಅಂದು ನೋಡಿಕೊಂಡ್ಳು. ಇನ್ನ ನನಗ ಯಾರ ಒಪ್ಪಿಗಿ ಬೇಕು ಹೇಳು.

ಬೇಕಾಗ್ತದ ಅಂತ ಮತ್ತ ಹೆದರಿಕಿ ಬಂತು. ಆಕಿ ತವರುಮನಿಯವ್ರಿಗೆ ಹೇಳದೆ ಕಳಿಸಿದ್ರ ನಾಳೆ ಮಾತು ಬರ್ತದ. ನಿನ್ನೆ ಕೆಂಪು ಬಾಳೆಹಣ್ಣು ತರ್ತೀನಿ ಅಂತ ನಿಮ್ಮಪ್ಪಗ ಹೇಳಿ ಒಬ್ಬಾಕಿನೇ ಕಮಲಾಪುರಕ್ಕ ಹೋದೆ. ಒಬ್ಬಾಕಿನೇ! ಬಸ್ಸಿನ್ಯಾಗ ಕುಂತು ದಾರಿ ತುಂಬ ಪರ್ಸ್ ಮುಟ್ಟಿ ಮುಟ್ಟಿ ನೋಡಿಕೊಂಡೆ, ಕಮಲಾಪುರ ದಾಟಿ ಹೋತೇನೋ ಅಂತ ಎಲ್ಲಾ ಸ್ಟಾಪಿಗೂ ಕೇಳ್ದೆ, ಕಡೀಕ ಕಂಡಕ್ಟರ್ ಹುಡುಗ "ಅಮ್ಮಾ, ನಿಮ್ಮೂರು ಬಂದ್ರ ನಾನೇ ಎತ್ತಿ ಇಳಸ್ತೀನಿ" ಅಂದ. ವಿದ್ಯಾನ ಅಣ್ಣ ದೇವಿಂದ್ರಪ್ಪ ಬಾಳಿ ತೋಟದಾಗ ಇದ್ದ. ಹೇಳೂ ಮಾತು ದಾರ್ಯಾಗ ಹತ್ತು ಸಲ ಹೊಂದಿಸಿಕೊಂಡಿದ್ದೆ, ಅವನ ಮಾರಿ ನೋಡಿದ ಕೂಡಲೆ ಎಲ್ಲಾ ಮರತು, "ವಿದ್ಯಾ ಸೂರತ್‌ಗೆ ಹೋಗ್ತಾಳ" ಅಂತ ಒಮ್ಮಿಗೇ ಅಂದುಬಿಟ್ಟೆ. ಅವಗ ಸಿಟ್ಟು ಬಂತು. "ಏನ್ರಿ ಅತ್ತಿಯವ್ರ, ನಮ್ಮ ತಂಗೀನ ಅಷ್ಟು ದೂರ ಅಟ್ಟಿ ಕೈ ತೊಳಕೊಳ್ಳಾಕತ್ತೀರೇನು?" ಅಂದ. ನನಗ ಬಾಯಿ ಎಲ್ಲಿಂದ ಬಂತೋ ಲೀಲಾ. "ಕೈ ತೊಳಕೊಳ್ಳಾಕಿ ಇದ್ರ ಅರುಣನ ದಿನ ಮಾಡಿದ ಮರುದಿನಾನೇ ನಿಮ್ಮ ಬಾಗಲಾಗ ತಂದು ಬಿಡ್ತಿದ್ದೆ. ಈಗ ಹೇಳಪ್ಪಾ, ಆಕಿ ಇಲ್ಲಿಗೆ ಬಂದ್ರ ಆಕೀಗಿ ನೀ ಏನು ಕೆಲಸ ಕೊಡ್ತಿ? ಮಂದಿ ಮುಂದ ಹೆಂಗ ಕೂಡಿಸ್ತಿ? ಹೇಳು, ಇವತ್ತೇ ಕಳಸ್ತೀನಿ" ಅಂದೆ. ಅವನ ಹೇಣ್ತಿ ಚಾ ಇಡ್ತೀನಂತ ಒಳಗ ಹೋದಾಕಿ ಹೊರಗ ಬರಲೇ ಇಲ್ಲ. ಅವ ಬಾಳಿ ಎಲಿ ಹರಕೋತ ನಿಂತ. ಆಮ್ಯಾಲೆ ಒಂದು ಗೊನಿ ಕಡದು, ಇನ್ನೂ ಹಣ್ಣಾಗದ ಕಸುಗಾಯಿ ಚಿಪ್ಪು ಆರಿಸಿ ಕೊಟ್ಟು, "ಇದು ಲೀಲಕ್ಕಗ ಮುಟ್ಟಸ್ರಿ. ನಮ್ಮ ತಂಗಿ ಊಟ ಕಡಿಮಿ ಮಾಡ್ತಾಳ, ಜ್ವಾಕಿ ಅಂತ ಹೇಳ್ರಿ" ಅಂದ. ಹೂಂ ಅನ್ನೂದು ಅಂದ್ರ ಇನ್ನ ಹೆಂಗಿರ್ತದ.

ನಿಮ್ಮಪ್ಪಗ ಸಂಜೀಕ ಹೇಳ್ದೆ. ಬಸ್ಸ ಇಳದು ಬಂದ ಕಾಲಿಂದಲೇ, ಕುಂತ್ರ ಧೈರ್ಯ ಹೋಗ್ತದ ಅಂತ ನಿಂತೇ ಹೇಳ್ದೆ. "ಓಣಿ ಮಂದಿಗೆ ನಾ ಏನು ಹೇಳ್ಲಿ?" ಅಂದ್ರು. ಶಾರದಾಬಾಯಿಗೆ ಮೊಣಕಾಲು ನೋವು ಅಂತ ಹೇಳ್ರಿ, ಸುಳ್ಳೇನು ಅಲ್ಲಲ್ಲ ಅಂದೆ. "ಹರೇದ ಹೆಣ್ಮಗಳು, ಅಷ್ಟು ದೂರ" ಅಂದ್ರು. ನಮ್ಮ ಮಗಳೂ ಹರೇದಾಗೇ ಹೋದಾಕಿ ಅಂದೆ. ಕಡೀಕ ಸಣ್ಣ ದನೀಲೆ, "ಆಕೀನೂ ಹೋದ್ರ ಮನ್ಯಾಗ ಅರುಣಂದು ಅಂತ ಏನುಳೀತು?" ಅಂದ್ರು. ನನಗೂ ಅದೇ ಸಂಕಟ. ಆದ್ರ ಆಕಿ ಅರುಣಂದು ಉಳಿಸಿಟ್ಟ ಸಾಮಾನಲ್ಲ, ಹುಡುಗಿ. ಇವತ್ತು ಉಣ್ಣೂವಾಗ ಯಾರ ಮಾರೀನೂ ನೋಡದೆ, "ಸೂರತ್‌ನ್ಯಾಗ ಜ್ವಾಳದ ಹಿಟ್ಟು ಸಿಗ್ತದೇನು?" ಅಂತ ಕೇಳಿದ್ರು. ವಿದ್ಯಾ ಬಗ್ಗಿ ನೀರು ಕೊಟ್ಟ ನೆಪದಾಗ ಕಣ್ಣು ಒರಸಿಕೊಂಡ್ಳು.

ಈಗ ನೀ ಮಾಡಬೇಕಾದ್ದು ಕೇಳು. ನನ್ನ ಆಧಾರ್ ಫೋಟೋ ಫೋನಿನ್ಯಾಗಿಂದ ಅಳಿಸಿಬಿಡು, ಎಲ್ಲಿ ಕೈ ತಪ್ಪಿ ಅದೇ ಹಾಕೀದಿ. ವಿದ್ಯಾಂದು ಖಮರುದ್ದೀನ ಭಾಯಿ ಫೋನಿನ್ಯಾಗ ಅದ, ಮುಟ್ಟಿದ ಮ್ಯಾಲೆ ಕಳಸ್ತಾನ. ಆಕೀಗಿ ಕಿಡಕಿ ಬಾಜು ಸೀಟು ಕೊಡು. ಆರಿ ಸೂಜಿ ಕೈ ಬ್ಯಾಗಿನ್ಯಾಗ ಇಟಗೋಬಾರದಂತ, ತಪಾಸಣಿಯವ್ರು ಕಸಗೋತಾರಂತ ಫರ್ಹೀನ್ ಹೇಳ್ಯಾಳ, ದೊಡ್ಡ ಬ್ಯಾಗಿನ್ಯಾಗ ಹಾಕಿ ಕಳಸ್ತೀನಿ. ಅದು ಆಕೀ ಕೈಗೆ ಹೊಂದಿದ ಸೂಜಿ, ಹೊಸಾದು ನಡ್ಯೂದಿಲ್ಲ. ಶೇಂಗಾ ಹಿಂಡಿ ಒಯ್ಯಾಕ ಬಿಡ್ತಾರೇನು? ಉಪ್ಪಿನಕಾಯಿ? ವಿಮಾನ ಏಳೂವಾಗ ಕಿವಿ ಕಟ್ಟತಾವಂತ, ಬಾಯಾಗ ಲವಂಗ ಇಟಗೋ ಅಂತ ಹೇಳು. ಹೈದರಾಬಾದಿಗೆ ಹೋಗೂ ದಿನ ನಾನೂ ಬಂದು ಗೇಟಿನ ತನಕ ಕಳಿಸಿ ಬರ್ತೀನಿ, ಮೊಣಕಾಲು ಇದ್ರೆಷ್ಟು ಹೋದ್ರೆಷ್ಟು. ಕೆಳಗಿನ ಮನಿಯಾಕೀಗೂ ಮೊದಲೇ ಹೇಳಿಡು, ಆದ್ರ ವಿಧವಿ ಅಂತ ಹೇಳಿ ಪರಿಚಯ ಮಾಡಬ್ಯಾಡ. ಆರಿ ಕೆಲಸ ಬಲ್ಲಾಕಿ ಅಂತ ಹೇಳು, ಒಂದು ತೋಳು ಮಾಡಿಸಿ ನೋಡು ಅಂತ ಹೇಳು.

ನನ್ನ ಚಿಂತಿ ಮಾಡಬ್ಯಾಡ. ಗುಳಗಿ ನಾನೇ ತಗೋತೀನಿ, ಮರತ್ರ ನಿಮ್ಮಪ್ಪ ಬೈತಾರ. ವಿಮಾನ ಎಲ್ಲೀಗೂ ಓಡಿ ಹೋಗೂದಿಲ್ಲ, ನನ್ನ ಸರದಿ ಬಂದಾಗ ಹತ್ತೀನು. ಅಳಿಯಂದ್ರಿಗೆ ಶರಣು ಹೇಳು. ಮುನ್ನಿ ಎರಡೂ ಗಲ್ಲಕ್ಕ ಮುತ್ತು ಕೊಡು. ಚೀಟಿ ಜೊತಿ ಕಳಿಸಿದ ಬಾಳೆಹಣ್ಣು ಇನ್ನೂ ಕಾಯಿ ಅದಾವ, ಜ್ವಾಳದ ಹಿಟ್ಟಿನ ಡಬ್ಬಿ ಬಾಜು ಬೆಚ್ಚಗ ಇಡು, ಫ್ರಿಜ್ಜಿನ್ಯಾಗ ಇಡಬ್ಯಾಡ ಮತ್ತ. ಶರಣಬಸವಪ್ಪ ನಿಮ್ಮನ್ನೆಲ್ಲಾ ತಣ್ಣಗಿಡಲಿ.

ಇಂತಿ ನಿನ್ನವ್ವ,
ಶಾರದಾಬಾಯಿ

ತಾ.ಕ.: ಖಮರುದ್ದೀನ ಭಾಯಿ ಬಾಗಲಾಗ ಆಟೋ ನಿಲ್ಲಸ್ಯಾನ, ಹಾರ್ನ್ ಮ್ಯಾಲೆ ಹಾರ್ನ್. ವಿದ್ಯಾನೂ ಬಂದ್ಳು, ಅಂಗಳದಾಗ ಕಾಲು ತೊಳ್ಯಾಕತ್ತಾಳ. ಜಲ್ದಿ ಬರೀತೀನಿ. ದೀಪಾವಳಿಗೆ ನೀ ಬರೂವಾಗ ಆಕೀನೂ ತಿರುಗಿ ಬರ್ತಾಳ ಅಂತ ನಿಮ್ಮಪ್ಪಗೂ ದೇವಿಂದ್ರಪ್ಪಗೂ ಹೇಳೀನಿ. ಹೋಗೂದು ಬರೂದು ಕೂಡಿಸೇ ಬುಕ್ ಮಾಡಬೇಕಲ್ಲ, ಹಂಗೇ ಮಾಡು. ಆದ್ರ ಕೆಲಸ ಆಕೀಗಿ ಹಿಡಿಸಿತ್ತಂದ್ರ, ಸೀಟು ಅದ ಅಂತ ಎಬ್ಬಿಸಿ ಕರಕೊಂಡು ಬರಬ್ಯಾಡ. ನೆನಪಾಗಿ ತಾನೇ ಬಂದ್ರ ಬಾಗಲು ತೆರದೇ ಅದ, ನನ್ನ ಸಲುವಾಗಿ ಮಾತ್ರ ಬರೂದು ಬ್ಯಾಡ. ನಿಮ್ಮಪ್ಪಗ ಆವಾಗ ನಾ ಹೇಳ್ತೀನಿ, ಅದರ ಚಿಂತಿ ನಿನಗ ಬ್ಯಾಡ. ನೀ ಒಂದೇ ಒಂದು ಕೆಲಸ ಮಾಡು, ಕಂಪನಿಯವ್ರಿಗೆ ಫೋನ್ ಹಚ್ಚಿ ಇನ್ನೊಮ್ಮಿ ಸರಿಯಾಗಿ ಕೇಳು: ತಿರುಗಿ ಬರೂವಾಗ ಎರಡನೇ ಸೀಟು ಖಾಲಿ ಇದ್ರ, ನಿನ್ನೊಬ್ಬಾಕೀನ ಹತ್ತಿಸಿಕೋತಾರೋ ಇಲ್ಲೋ?